ಕಾರವಾರದಿಂದ ಕೊಲಂಬಸ್‌ಗೆ ಬರುತ್ತಿರುವ ತಂಗಿಗೆ

ಅಕ್ಕ ಎಂದು ಕರೆದು ಬರೆದಿದ್ದೀ, ಹಾಗಾಗಿ ನಾನೂ ಏಕವಚನದಲ್ಲಿಯೇ ಬರೆಯುತ್ತೇನೆ. ಕೋಡಿಬಾಗದ ಮನೆ ಬಿಟ್ಟು ಆಗಸ್ಟ್‌ನಲ್ಲಿ ಓಹಾಯೋ ರಾಜ್ಯದ ಕೊಲಂಬಸ್‌ಗೆ ಬರುತ್ತಿದ್ದೀರಿ, ಮಗನಿಗೆ ಆರು ವರ್ಷ, ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಲ್ಲಿಯವರೆಗೆ ಕನ್ನಡ. ಚಳಿಗೆ ಏನು ತರಬೇಕು, ಕುಚ್ಚಲಕ್ಕಿ ಸಿಗುತ್ತದೆಯೇ, ಇನ್ನು ಮನೆಯಲ್ಲೂ ಮಗನೊಡನೆ ಇಂಗ್ಲಿಷ್ ಮಾತನಾಡಬೇಕೇ, ಒಳ್ಳೆಯ ಅಂಕವಿರುವ ಸರ್ಕಾರಿ ಶಾಲೆಯ ಹತ್ತಿರ ಮನೆ ಹಿಡಿದರೆ ಸಾಕೇ ಎಂದು ಕೇಳಿದ್ದೀ.

ಕುಚ್ಚಲಕ್ಕಿ ಸಿಗುತ್ತದೆ. ದಪ್ಪ ಕೋಟನ್ನು ಊರಿನಿಂದ ಹೊತ್ತು ತರಬೇಡ, ಇಲ್ಲಿಯ ಜನವರಿಗೆ ಅದು ಸಾಲದು. ಮಗನ ಜನನ ಪ್ರಮಾಣಪತ್ರ ಮತ್ತು ಲಸಿಕೆಯ ದಾಖಲೆ ಕೈಚೀಲದಲ್ಲೇ ಇರಲಿ, ಶಾಲೆಗೆ ಸೇರಿಸುವಾಗ ಬಾಡಿಗೆಯ ಕರಾರುಪತ್ರದ ಜೊತೆ ಅವನ್ನೂ ಕೇಳುತ್ತಾರೆ. ಉಳಿದದ್ದನ್ನು ಬಂದ ಮೇಲೆ ನೋಡಿಕೊಳ್ಳಬಹುದು. ನಿನ್ನ ಕೊನೆಯ ಎರಡು ಪ್ರಶ್ನೆಗಳು ಮಾತ್ರ ಬಂದ ಮೇಲೆ ನೋಡುವಂಥವಲ್ಲ. ಅವುಗಳ ವಿಷಯದಲ್ಲಿ ನಾನು ತಪ್ಪಿದ್ದೇನೆ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ನಾವೂ ಜಾಲತಾಣಗಳು ಶಾಲೆಗೆ ಕೊಡುವ ಅಂಕ ನೋಡಿಯೇ ಮನೆ ಹಿಡಿದಿದ್ದು. ಹತ್ತಕ್ಕೆ ಒಂಬತ್ತು ಇತ್ತು. ಚೆಂದದ ಗ್ರಂಥಾಲಯ, ಪ್ರೀತಿಯ ಟೀಚರು, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ ಬಣ್ಣದ ಪುಸ್ತಕಗಳು. ಮಗ ಎರಡನೇ ತರಗತಿಯಲ್ಲಿದ್ದಾಗ ಒಂದು ಭಾನುವಾರ ಬೆಳಿಗ್ಗೆ ಕುಮಟಾದಲ್ಲಿರುವ ಅಮ್ಮನಿಗೆ ವಿಡಿಯೋ ಕರೆ ಮಾಡಿ ಕತೆ ಓದಿ ತೋರಿಸುತ್ತಿದ್ದ. ಅಲ್ಲಿ ದೀಪ ಹಚ್ಚುವ ಹೊತ್ತು. ಅಮ್ಮ ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಒಂದನೇ ತರಗತಿಗೆ ಕಲಿಸಿದವರು, ಊರಿಗೆಲ್ಲ ಅಕ್ಕೋರು. ಪುಟದಲ್ಲಿ ಕಡಲು, ದೋಣಿ, ಮರಳಲ್ಲಿ ಕೂತ ಹುಡುಗನ ಚಿತ್ರ. ಅಕ್ಷರದಲ್ಲಿ ‘ಶೋರ್’ ಎಂದಿತ್ತು, ಮಗ ‘ಬೀಚ್’ ಎಂದು ಓದಿ ಸರಾಗವಾಗಿ ಮುಂದೆ ಹೋದ. ನನಗೆ ಅದು ತಪ್ಪು ಎಂದೂ ಅನ್ನಿಸಲಿಲ್ಲ, ಅರ್ಥ ಸರಿಯೇ ಇತ್ತಲ್ಲ. ಅಲ್ಲೇ, ಆ ಕ್ಷಣವೇ ಅಮ್ಮ ಅವನನ್ನು ನಿಲ್ಲಿಸಿದರು. “ಪುಟ್ಟಾ, ಚಿತ್ರದ ಮೇಲೆ ಕೈ ಇಟ್ಟು ಇನ್ನೊಮ್ಮೆ ಓದು.” ಅವನು ಕೈ ಇಟ್ಟ. ಆಮೇಲೆ ಪುಸ್ತಕ ನೋಡಲಿಲ್ಲ, ನನ್ನ ಮುಖ ನೋಡಿದ. ಉತ್ತರ ನನ್ನ ಮುಖದ ಮೇಲೆ ಬರೆದಿದೆಯೇನೋ ಎಂಬಂತೆ.

ಅಮ್ಮ ನನಗೆ ಹೇಳಿದ್ದು ಇಷ್ಟೇ: “ಅವನ ಕಣ್ಣು ಅಕ್ಷರದ ಮೇಲೆ ಹೋಗುವುದೇ ಇಲ್ಲ.”

ಶಾಲೆಗೆ ಹೋಗಿ ಕೇಳಿದೆ. ಅದೇ ವಿಧಾನ ಎಂದರು. ಗೊತ್ತಿಲ್ಲದ ಪದ ಬಂದರೆ ಚಿತ್ರ ನೋಡು, ಮೊದಲ ಅಕ್ಷರ ನೋಡು, ವಾಕ್ಯಕ್ಕೆ ಏನು ಹೊಂದುತ್ತದೆ ಎಂದು ಊಹಿಸು. ಮೂರು ಸುಳಿವುಗಳ ವಿಧಾನ ಎಂದು ಅದಕ್ಕೆ ಹೆಸರು. ಮನೆಯಲ್ಲಿ ಬೇರೆ ಭಾಷೆ ಇರುವುದರಿಂದ ನಿಧಾನವಾಗುತ್ತಿದೆ, ತಾನಾಗಿಯೇ ಬರುತ್ತದೆ ಎಂದೂ ಹೇಳಿದರು. ನಾನು ನಂಬಿದೆ. ಮೂರನೇ ತರಗತಿಗೆ ಬರುವಾಗ ಪುಸ್ತಕದಲ್ಲಿ ಚಿತ್ರಗಳು ಕಡಿಮೆಯಾದವು, ನನ್ನ ಮಗನ ಓದೂ ಅಲ್ಲಿಗೆ ನಿಂತುಹೋಯಿತು. ಹೊಟ್ಟೆನೋವು ಎಂದು ಶಾಲೆಗೆ ಹೋಗದೇ ಇರುವ ದಿನಗಳು ಶುರುವಾದವು.

ಆಗ ನಾನು ಓದಲು ಕೂತೆ. ಅಮೆರಿಕದ ಸಂಸತ್ತಿನ ಸೂಚನೆಯಂತೆ ರಚನೆಯಾದ ರಾಷ್ಟ್ರೀಯ ಓದು ಸಮಿತಿ 2000ದಲ್ಲಿಯೇ ವರದಿ ಕೊಟ್ಟಿತ್ತು. ಮಾತಿನೊಳಗಿನ ಬಿಡಿ ಧ್ವನಿಗಳನ್ನು ಗುರುತಿಸುವುದು, ಆ ಧ್ವನಿಗೂ ಅಕ್ಷರಕ್ಕೂ ಇರುವ ಸಂಬಂಧವನ್ನು ಕ್ರಮವಾಗಿ ಕಲಿಯುವುದು, ತಡೆಯಿಲ್ಲದೆ ಓದುವುದು, ಪದಸಂಪತ್ತು, ಅರ್ಥಗ್ರಹಣ. ಈ ಐದನ್ನೂ ನೇರವಾಗಿ ಕಲಿಸಬೇಕು ಎಂದು ಅದು ಹೇಳಿತ್ತು. ನನ್ನ ಮಗ ಹುಟ್ಟುವುದಕ್ಕಿಂತ ಎಷ್ಟೋ ವರ್ಷ ಮೊದಲೇ ಗೊತ್ತಿದ್ದ ಸಂಗತಿ ಅವನ ತರಗತಿಯ ಬಾಗಿಲು ದಾಟಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ. 2024ರ ರಾಷ್ಟ್ರೀಯ ಪರೀಕ್ಷೆಯಲ್ಲಿ ಈ ಶ್ರೀಮಂತ ದೇಶದ ನಾಲ್ಕನೇ ತರಗತಿಯ ಮಕ್ಕಳಲ್ಲಿ ಶೇಕಡಾ 40ರಷ್ಟು ಮಂದಿ ಓದಿನಲ್ಲಿ ಮೂಲಮಟ್ಟವನ್ನೂ ಮುಟ್ಟಲಿಲ್ಲ.

ಅಮ್ಮನಿಗೆ ಇದನ್ನೆಲ್ಲ ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ ಎಂಬ ಚಟುವಟಿಕೆಯ ಕಲಿಕೆ 2009ರ ಹೊತ್ತಿಗೆ ನಮ್ಮ ಕಡೆಯ ಶಾಲೆಗಳಿಗೂ ಬಂದಾಗ ಅಮ್ಮ ಗೊಣಗಿದ್ದು ನನಗೆ ನೆನಪಿದೆ. ಅ ಆ ಇ ಈ ಬಿಟ್ಟು ರ ಗ ಸ ದ ಅ ಎಂದು ಶುರು ಮಾಡುವುದು ಎಂಥ ಪದ್ಧತಿ ಎಂದು. ಎರಡು ತಿಂಗಳಲ್ಲಿ ಅವರೇ ಬದಲಾದರು. ಬರೆಯಲು ಸುಲಭವಾದ ಆ ಐದೇ ಅಕ್ಷರ ಬಂದರೆ ಮಗು ಸರ, ದರ, ಅರಸ, ಅಗಸ, ಗರಗಸ ಎಲ್ಲವನ್ನೂ ತಾನೇ ಓದುತ್ತದೆ, ಊಹಿಸಬೇಕಾಗಿಲ್ಲ. ಇಲ್ಲಿಯ ಫೋನಿಕ್ಸ್, ಅಂದರೆ ಅಕ್ಷರಗಳ ಧ್ವನಿ ಕಲಿಸುವ ಪಾಠದಲ್ಲೂ ಎ ಬಿ ಸಿ ಡಿ ಕ್ರಮವಿಲ್ಲ. ಎಸ್, ಎ, ಟಿ, ಪಿ, ಐ, ಎನ್ ಎಂಬ ಆರು ಅಕ್ಷರಗಳ ಧ್ವನಿ ಕಲಿಸಿ, ಸ್ಯಾಟ್, ಪಿನ್, ಟ್ಯಾಪ್, ನ್ಯಾಪ್ ಎಂದು ಓದಿಸುವುದು ಬಹಳ ಕಡೆ ರೂಢಿ. ಎರಡರ ಹಿಂದಿನ ತಿಳಿವಳಿಕೆ ಒಂದೇ.

ಕನ್ನಡ ಬರೆದಂತೆ ಓದುವ ಭಾಷೆ, ನಮ್ಮ ಮಕ್ಕಳಿಗೆ ಈ ತೊಂದರೆಯೇ ಇಲ್ಲ ಎನ್ನುವವರನ್ನು ಇಲ್ಲಿಯ ರಾಜ್ಯೋತ್ಸವದಲ್ಲಿ ನೀನು ಭೇಟಿಯಾಗುತ್ತೀ. ನಂಬಬೇಡ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಕಲಿಯಬೇಕಾದ ರೂಪಗಳು ನೂರಾರು. ಮಕ್ಕಳ ಓದಿನ ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕನ್ನಡ ಕಲಿಯುವ ಮಕ್ಕಳಿಗೆ ಈ ಕಲಿಕೆ ನಾಲ್ಕನೇ ತರಗತಿಯವರೆಗೂ ಮುಂದುವರಿಯುವುದು ಕಂಡುಬಂದಿತ್ತು. ನಿನ್ನ ಮಗ ಅದರ ನಡುದಾರಿಯಲ್ಲಿ ಇನ್ನೊಂದು ಲಿಪಿಗೆ ಕಾಲಿಡುತ್ತಿದ್ದಾನೆ.

ಈಗ ಕಾನೂನಿನ ಮಾತು. ಇಲ್ಲಿ ಶಾಲೆ ರಾಜ್ಯದ ವಿಷಯ. ಬಡ ರಾಜ್ಯ ಎಂದೇ ಹೆಸರಾದ ಮಿಸಿಸಿಪ್ಪಿ 2013ರಲ್ಲಿ ಒಂದು ಕಾನೂನು ಮಾಡಿತು. ಸಣ್ಣ ತರಗತಿಗಳಲ್ಲೇ ಓದಿನ ತಪಾಸಣೆ, ಶಿಕ್ಷಕರಿಗೆ ತರಬೇತಿ, ಹಿಂದುಳಿದ ಶಾಲೆಗಳಿಗೆ ಓದಿನ ಮಾರ್ಗದರ್ಶಕರು, ಮೂರನೇ ತರಗತಿ ಮುಗಿದರೂ ಓದಲು ಬಾರದಿದ್ದರೆ ಅದೇ ತರಗತಿಯಲ್ಲಿ ಇನ್ನೊಂದು ವರ್ಷ. ಆಗ ನಾಲ್ಕನೇ ತರಗತಿಯ ಓದಿನಲ್ಲಿ 49ನೇ ಸ್ಥಾನದಲ್ಲಿದ್ದ ರಾಜ್ಯ 2019ರಲ್ಲಿ ದೇಶದ ಸರಾಸರಿ ಮುಟ್ಟಿತು, 2024ರಲ್ಲಿ 9ನೇ ಸ್ಥಾನಕ್ಕೆ ಬಂತು. ಮಗುವನ್ನು ಅದೇ ತರಗತಿಯಲ್ಲಿ ಕೂರಿಸುವುದು ನನಗೆ ಈಗಲೂ ಒಪ್ಪಿಗೆಯಿಲ್ಲ, ತಪ್ಪು ಕಲಿಸಿದವರು ದೊಡ್ಡವರು, ಶಿಕ್ಷೆ ಮಗುವಿಗೆ ಆಗಬಾರದು. ಆದರೆ ಉಳಿದ ಮೂರು ಎಲ್ಲ ಶಾಲೆಯಲ್ಲೂ ಇರಲೇಬೇಕು.

ಓಹಾಯೋದಲ್ಲಿ 2023ರ ಬಜೆಟ್ ಮಸೂದೆಯೊಳಗೆ ಓದು ಕಲಿಸುವ ಬಗೆಗಿನ ಕಾನೂನು ಬಂತು. ರಾಜ್ಯಪಾಲ ಮೈಕ್ ಡಿವೈನ್ ಅವರೇ ಮುಂದೆ ನಿಂತರು. ಆ ವಸಂತದಲ್ಲಿ ವಿಧಾನಭವನದ ಸಮಿತಿಯ ಮುಂದೆ ಪಾಲಕರೂ ಮಾತನಾಡಬಹುದು ಎಂದು ತಿಳಿಯಿತು. ನನಗೆ ಮತದ ಹಕ್ಕಿರಲಿಲ್ಲ, ಗಂಡನ ವೀಸಾದ ಮೇಲಿದ್ದೆ. ಮಾತನಾಡಲು ಅದೇನೂ ಅಡ್ಡಿಯಲ್ಲ ಎಂದು ಪಕ್ಕದ ಮನೆಯವರು ಹೇಳಿದರು. ಹೇಳಿಕೆ ಬರೆದು ಮುಂಚಿತವಾಗಿ ಕಳುಹಿಸಿ, ನನ್ನ ಸರದಿ ಬರುವವರೆಗೆ ನಾಲ್ಕು ಗಂಟೆ ಬೆಂಚಿನ ಮೇಲೆ ಕೂತಿದ್ದೆ. ಕಾಗದ ಹಿಡಿದ ಕೈ ನಡುಗುತ್ತಿತ್ತು. ಆ ಕಡಲ ಚಿತ್ರದ ಪುಸ್ತಕವನ್ನೇ ತೆಗೆದುಕೊಂಡು ಹೋಗಿದ್ದೆ, ಪುಟ ತೆರೆದು, ಚಿತ್ರದ ಮೇಲೆ ಅಂಗೈ ಇಟ್ಟು ತೋರಿಸಿದೆ. ಒಬ್ಬ ಸದಸ್ಯರು ಒಂದೇ ಪ್ರಶ್ನೆ ಕೇಳಿದರು: ನಿಮ್ಮ ಮಗನಿಗೆ ಓದಲು ಬರುವುದಿಲ್ಲ ಎಂದು ಶಾಲೆ ನಿಮಗೆ ಯಾವಾಗ ತಿಳಿಸಿತು? ಶಾಲೆ ತಿಳಿಸಲಿಲ್ಲ, ಊರಿನಲ್ಲಿರುವ ನನ್ನ ತಾಯಿ ತಿಳಿಸಿದರು ಎಂದೆ.

ಜುಲೈಯಲ್ಲಿ ಕಾನೂನಾಯಿತು. ಕೆಲವು ವಿನಾಯಿತಿ ಬಿಟ್ಟರೆ ಮೂರು ಸುಳಿವುಗಳ ವಿಧಾನಕ್ಕೆ ತಡೆ ಬಿತ್ತು. ಶಾಲೆಗಳು ರಾಜ್ಯ ಒಪ್ಪಿದ ಪಟ್ಟಿಯಿಂದಲೇ ಪಠ್ಯ ಆರಿಸಬೇಕು, ಅದಕ್ಕೆ ಹಣವನ್ನೂ, ತರಬೇತಿ ಮುಗಿಸಿದ ಶಿಕ್ಷಕರಿಗೆ ಗೌರವಧನವನ್ನೂ ಕೊಟ್ಟರು. ಕಾನೂನು ನಮ್ಮ ಕೈ ಕಟ್ಟುತ್ತದೆ ಎಂದ ಶಿಕ್ಷಕರೂ ಇದ್ದರು. ಅವರ ನೋವು ನನಗೆ ಅರ್ಥವಾಗುತ್ತದೆ. ನನ್ನ ಮಗನ ಟೀಚರಿಗೆ ಅವರ ಕಾಲೇಜು ಏನು ಕಲಿಸಿತ್ತೋ ಅದನ್ನೇ ಅವರು ಪ್ರಾಮಾಣಿಕವಾಗಿ ಕಲಿಸಿದ್ದರು. ಅವರು ಬೇರೆಯದನ್ನು ಕಲಿಯಲು ಸಮಯ, ಹಣ ಒದಗಿಸಿದ್ದು ಇದೇ ಕಾನೂನು.

ಕಾನೂನು ಬಂದ ಮಾತ್ರಕ್ಕೆ ನೀನು ಸುಮ್ಮನಿರಬೇಡ. ಮನೆ ಹಿಡಿಯುವ ಮೊದಲು ಶಾಲೆಗೆ ಫೋನ್ ಮಾಡಿ ಒಂದನ್ನು ಕೇಳು: ಒಂದನೇ ತರಗತಿಯ ಮಗು ಗೊತ್ತಿಲ್ಲದ ಪದದ ಮುಂದೆ ನಿಂತಾಗ ಏನು ಮಾಡಲು ಹೇಳುತ್ತೀರಿ? ಧ್ವನಿ ಕೂಡಿಸಿ ಓದಲು ಹೇಳುತ್ತೇವೆ ಎಂದರೆ ಸಮಾಧಾನ. ಚಿತ್ರ ನೋಡಲು ಎಂದರೆ ಅಂಕ ಎಷ್ಟೇ ಇರಲಿ, ಇನ್ನೊಂದು ಶಾಲೆ ನೋಡು. ಸೇರಿಸುವಾಗ ಮನೆಮಾತು ಯಾವುದು ಎಂದು ಕೇಳುವ ನಮೂನೆಯಲ್ಲಿ ಕೊಂಕಣಿ ಎಂದೇ ಬರೆ, ಹೆದರಬೇಡ. ಇಂಗ್ಲಿಷ್ ಕಲಿಕೆಗೆ ನೆರವು ಕೊಡುವುದು ಶಾಲೆಯ ಹೊಣೆ, 1974ರಲ್ಲೇ ಇಲ್ಲಿಯ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆದರೆ ಓದಿನ ತೊಂದರೆಗೆಲ್ಲ ಮನೆಮಾತೇ ಕಾರಣ ಎಂದರೆ ಒಪ್ಪಬೇಡ. ಮಗುವಿನ ಮೌಲ್ಯಮಾಪನ ಮಾಡಿ ಎಂದು ಬರವಣಿಗೆಯಲ್ಲಿ ಕೇಳು, ಬಾಯಿಮಾತಿನಲ್ಲಿ ಬೇಡ. ನಾನು ಒಂದೂವರೆ ವರ್ಷ ಬಾಯಿಮಾತಿನಲ್ಲೇ ಕೇಳುತ್ತಾ ಕಳೆದೆ.

ಮನೆಯಲ್ಲಿ ಕೊಂಕಣಿಯನ್ನೂ ಕನ್ನಡವನ್ನೂ ಬಿಡಬೇಡ. ಅಕ್ಷರ ಬಿಡಿಸುವುದು ಶಾಲೆಯಲ್ಲಿ ಆಗಲಿ, ಕತೆ ಎಂದರೇನು, ಯಾಕೆ ಹಾಗಾಯಿತು, ಮುಂದೇನು ಎಂಬುದೆಲ್ಲ ಮನೆಮಾತಿನಲ್ಲಿ ಬೆಳೆಯುತ್ತದೆ, ಓದಿ ಅರ್ಥ ಮಾಡಿಕೊಳ್ಳುವಾಗ ಅದೇ ನೆರವಿಗೆ ಬರುತ್ತದೆ. ಇನ್ನೊಂದು, ನಮ್ಮ ಶಾಲೆಯಲ್ಲಿ ಕ್ ಕೂಡಿಸು ಆ ಎಂದರೆ ಕಾ ಎಂದು ಹೇಳಿಕೊಟ್ಟಿದ್ದು ನೆನಪಿದೆಯಲ್ಲ? ಕಾರವಾರವನ್ನು ಕಾ, ರ, ವಾ, ರ ಎಂದು ಒಡೆಯುವುದು ನಿನ್ನ ಮಗನಿಗೆ ಬರುತ್ತದೆ. ಅದನ್ನೇ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕ್ ಮತ್ತು ಆ ಎಂದು ಒಡೆಯಲು ಈಗಿಂದಲೇ ಆಡಿಸು. ಇಂಗ್ಲಿಷ್ ಓದಿಗೆ ಬೇಕಾಗಿರುವುದು ಆ ಸಣ್ಣ ಧ್ವನಿಯ ಕಿವಿ. ನನ್ನ ಮಗನಿಗೆ ಅಮ್ಮ ಭಾನುವಾರದ ಕರೆಗಳಲ್ಲಿ ಕಲಿಸಿದ್ದು ಅದನ್ನೇ.

ಅಮ್ಮ ಈಗಲೂ ಕುಮಟಾದಲ್ಲೇ ಇದ್ದಾರೆ. ವಿಮಾನ ಹತ್ತುವ ಮೊದಲು ಮಗನನ್ನು ಒಮ್ಮೆ ಕರೆದುಕೊಂಡು ಹೋಗು, ಕಾರವಾರದಿಂದ ಬಸ್ಸಿಗೆ ಹೆಚ್ಚೆಂದರೆ ಎರಡು ಗಂಟೆ. ನಾನು ಹೇಳಿಟ್ಟಿರುತ್ತೇನೆ. ಅವನ ಕೈಯಲ್ಲಿ ಒಂದು ಪುಸ್ತಕ ಕೊಟ್ಟು ಎದುರಿಗೆ ಕೂರುತ್ತಾರೆ, ಅವನ ಕಣ್ಣು ಎಲ್ಲಿ ಹೋಗುತ್ತದೆ ಎಂದು ನೋಡಿ ನಿನಗೆ ಹೇಳುತ್ತಾರೆ.