ಸೂರ್ಯಗ್ರಹಣದ ಫೋಟೋಗೆ ಎನ್‌ಡಿ 1000 ಫಿಲ್ಟರ್ ಸಾಕಾ?

ಸಾಕಾಗುವುದಿಲ್ಲ. ಎನ್‌ಡಿ ಅಂದರೆ ಲೆನ್ಸಿಗೆ ಬರುವ ಬೆಳಕನ್ನು ತಗ್ಗಿಸುವ ಫಿಲ್ಟರ್. ಎನ್‌ಡಿ 1000 ಜಲಪಾತ, ಕಡಲ ತೆರೆಗಳ ಫೋಟೋಗೆ ಮಾಡಿದ್ದು. ಸಾವಿರದಲ್ಲಿ ಒಂದು ಪಾಲು ಬೆಳಕನ್ನು ಒಳಗೆ ಬಿಡುತ್ತದೆ. ಸೂರ್ಯನಿಗೆ ಬೇಕಾದ್ದು ಲಕ್ಷದಲ್ಲಿ ಒಂದು ಪಾಲು ಮಾತ್ರ ಬಿಡುವಂಥದ್ದು, ಅಂದರೆ ಎನ್‌ಡಿ 5.0. ಇಲ್ಲಿ 5 ಅಂದರೆ ಒಂದರ ಮುಂದೆ ಐದು ಸೊನ್ನೆ, ಈ ಲೆಕ್ಕದಲ್ಲಿ ಎನ್‌ಡಿ 1000 ಬರೀ 3.0. ಎರಡು ಮೂರು ಮಾಮೂಲಿ ಫಿಲ್ಟರ್ ಒಂದರ ಮೇಲೊಂದು ಹಾಕಿದರೆ ಚಿತ್ರ ಕಪ್ಪಾಗಿ ಕಾಣಬಹುದು, ಆದರೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ನುಗ್ಗಿಬರಬಹುದು. ಎಕ್ಸ್‌ರೇ ಹಾಳೆ, ಮಸಿ ಹಿಡಿಸಿದ ಗಾಜು ಬೇಡವೇ ಬೇಡ.

ಸೋಲಾರ್ ಫಿಲ್ಮ್, ಅಂದರೆ ಸೂರ್ಯನ ಫೋಟೋಗೆಂದೇ ಮಾಡಿದ ಫಿಲ್ಟರ್ ಹಾಳೆ, ಕೊಳ್ಳುವಾಗ ಜಾಗ್ರತೆ. 3.8 ಅಂತ ಬರೆದದ್ದು 5.0ಗಿಂತ ಹೆಚ್ಚು ಬೆಳಕು ಬಿಡುತ್ತದೆ, ಅದು ಕ್ಯಾಮೆರಾಗೆ ಮಾತ್ರ, ಕಣ್ಣಿಗಲ್ಲ. ಡಿಎಸ್‌ಎಲ್‌ಆರ್‌ನ ವ್ಯೂಫೈಂಡರಿನಲ್ಲಿ ಕಣ್ಣಿಟ್ಟು ನೋಡುವವರು 5.0 ತೆಗೆದುಕೊಳ್ಳಿ, ಆದರೂ ಹಿಂದಿನ ಸ್ಕ್ರೀನಿನಲ್ಲೇ ಫೋಕಸ್ ಮಾಡುವುದು ಒಳ್ಳೆಯದು. ಫಿಲ್ಟರ್ ಲೆನ್ಸಿನ ಮುಂದೆ ಇರಬೇಕು, ಹಿಂದೆ ಅಲ್ಲ. ಹಾಕುವ ಮೊದಲು ಫಿಲ್ಮನ್ನು ಬಲ್ಬಿನ ಎದುರು ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕು ಚುಕ್ಕಿಯಾಗಿ ಹೊಳೆದರೂ ಅದನ್ನು ಬಿಸಾಡಿ. ನಮ್ಮ ಕಾಸರಗೋಡಿನ ಕಡಲ ಗಾಳಿ ಗೊತ್ತಲ್ವಾ, ಅಂಚಿಗೆ ಟೇಪ್ ಗಟ್ಟಿಯಾಗಿ ಸುತ್ತಿ.

2019ರ ಡಿಸೆಂಬರ್ 26ರಂದು ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಕಂಕಣ ಗ್ರಹಣ ಕಂಡಿತಲ್ಲ, ಆ ಉಂಗುರದ ಹೊತ್ತಿನಲ್ಲೂ ಫಿಲ್ಟರ್ ತೆಗೆಯುವಂತಿರಲಿಲ್ಲ. 2027ರ ಆಗಸ್ಟ್ 2ರ ಸಂಜೆ ನಮಗೆ ಕಾಣುವುದು ಪಾರ್ಶ್ವ ಗ್ರಹಣ. ಅವತ್ತೂ ಮೊದಲಿಂದ ಕೊನೆವರೆಗೆ ಫಿಲ್ಟರ್ ಇರಲಿ. 5.0 ಫಿಲ್ಟರ್ ಇದ್ದರೆ ಕ್ಯಾಮೆರಾದಲ್ಲಿ ಐಎಸ್‌ಒ 100, ಎಫ್/8, ಷಟರ್ ಸೆಕೆಂಡಿನ 1/1000ರಿಂದ ಶುರು ಮಾಡಿ ನೋಡಿ. ಮಳೆಗಾಲದ ಮೋಡ ಅಡ್ಡ ಬಂದು ಬೆಳಕು ಕಮ್ಮಿಯಾದರೆ ಷಟರ್ ನಿಧಾನ ಮಾಡಿ. ಫಿಲ್ಟರ್ ಮಾತ್ರ ಕಳಚಬೇಡಿ.