ವಾಯುಭಾರ ಕುಸಿದರೆ ಮಳೆ ಏಕೆ?

ಪ್ರಶ್ನೆ: ಮಗಳು ಏಳನೇ ತರಗತಿ. ಜಲಚಕ್ರದ ಪಾಠ, ಗಾಳಿಯ ಒತ್ತಡದ ಪಾಠ ಎರಡೂ ಬಾಯಿಪಾಠ. ‘ವಾಯುಭಾರ ಕುಸಿದರೆ ಮಳೆ ಯಾಕಮ್ಮಾ?’ ಎಂದಾಗ ನನಗೆ ಉತ್ತರ ಹೊಳೆಯಲಿಲ್ಲ. ಹೇಗೆ ವಿವರಿಸಲಿ?

ಉತ್ತರ: ಎಷ್ಟು ಒಳ್ಳೆಯ ಪ್ರಶ್ನೆ! ಈ ಎರಡು ಪಾಠಗಳನ್ನು ಬೇರೆ ಬೇರೆಯಾಗಿ ಕಲಿಸುವುದು ಮೇಷ್ಟ್ರಾದ ನನಗೆ ಮೊದಲಿನಿಂದಲೂ ಒಪ್ಪಿಗೆಯಿಲ್ಲ. ಒತ್ತಡ ಕಡಿಮೆಯಾದ ಕಡೆಗೆ ಸುತ್ತಲಿನ ಗಾಳಿ ನುಗ್ಗುತ್ತದೆ. ಕೆಳಗೆ ನೆಲ, ಮೇಲೇರದೆ ಅದಕ್ಕೆ ಬೇರೆ ದಾರಿಯಿಲ್ಲ. ಮೇಲೆ ಹೋದಷ್ಟೂ ಒತ್ತಡ ಕಡಿಮೆ, ಹಾಗಾಗಿ ಗಾಳಿ ಹಿಗ್ಗುತ್ತದೆ, ಹಿಗ್ಗುತ್ತಾ ತಣ್ಣಗಾಗುತ್ತದೆ. ಒಣಗಾಳಿಯಾದರೆ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್. ತಣಿದಾಗ ಆವಿ ಹನಿಗಟ್ಟುತ್ತದೆ. ಗಾಳಿಯಲ್ಲಿ ತೇವವೇ ಇಲ್ಲದಿದ್ದರೆ ಒತ್ತಡ ಕುಸಿದರೂ ಮಳೆಯಿಲ್ಲ.

ಇದನ್ನು ಕಣ್ಣಾರೆ ತೋರಿಸಿ. ಮೆತ್ತನೆಯ ಪ್ಲಾಸ್ಟಿಕ್ ಬಾಟಲಿಗೆ ಸ್ವಲ್ಪ ಬೆಚ್ಚಗಿನ ನೀರು ಹಾಕಿ ಕುಲುಕಿ. ಬೆಂಕಿಕಡ್ಡಿ ಗೀರಿ ಆರಿಸಿ (ಇದು ದೊಡ್ಡವರ ಕೆಲಸ), ಅದರ ಹೊಗೆ ಒಳಗೆ ಬಿಟ್ಟು ಮುಚ್ಚಳ ಬಿಗಿ ಮಾಡಿ. ಜೋರಾಗಿ ಹಿಸುಕಿ ಥಟ್ಟನೆ ಬಿಡಿ. ಬಿಟ್ಟ ಕ್ಷಣ ಒತ್ತಡ ಇಳಿದು ಗಾಳಿ ಹಿಗ್ಗಿ ತಣಿಯುತ್ತದೆ, ಒಳಗೆ ಬಿಳಿ ಮಂಜು; ಮತ್ತೆ ಹಿಸುಕಿದರೆ ಮಾಯ! ನನ್ನ ತರಗತಿಯಲ್ಲಿ ಮಕ್ಕಳು ಬಾಟಲಿಗಾಗಿ ಕಿತ್ತಾಡುತ್ತಾರೆ.

ಹೊಗೆಯಿಲ್ಲದೆಯೂ ಒಮ್ಮೆ ಮಾಡಿ ನೋಡಿ, ಮಂಜು ಕಾಣುವುದೇ ಕಷ್ಟ. ಹನಿ ಕೂರಲು ಕಣ ಬೇಕು. ಆಕಾಶದಲ್ಲಿ ಆ ಕೆಲಸ ಧೂಳು, ಹೊಗೆ, ಕಡಲ ಉಪ್ಪಿನ ಕಣಗಳದ್ದು. ಜಲಚಕ್ರದ ಚಿತ್ರ ಬರೆಯುವಾಗ ಮೋಡದೊಳಗೆ ಆ ಕಣಗಳನ್ನೂ, ಕೆಳಗಿನಿಂದ ಮೇಲೇರುವ ಗಾಳಿಯ ಬಾಣವನ್ನೂ ಸೇರಿಸಲು ಮಗಳಿಗೆ ಹೇಳಿ.