ಅಕ್ಕನ ಮಗಳ ಮದುವೆಯೂ ಹೊಟ್ಟೆಯ ಕ್ಯಾನ್ಸರೂ

ಹೆಸರು ಅಚ್ಚಾಗುವುದು ಬೇಡವೆಂದು ಕೋರಿರುವ ಜಮಖಂಡಿಯ ಓದುಗರಿಗೆ,

ನಿಮ್ಮ ತಂದೆ 44ನೆಯ ವಯಸ್ಸಿನಲ್ಲಿ ಹೊಟ್ಟೆಯ ಕ್ಯಾನ್ಸರಿನಿಂದಲೂ, ಅವರ ಅಕ್ಕ ಅದಕ್ಕೆ ಮೊದಲೇ ಸ್ತನ ಕ್ಯಾನ್ಸರಿನಿಂದಲೂ ತೀರಿಕೊಂಡರೆಂದು ಬರೆದಿದ್ದೀರಿ. ತಂದೆ ಅದೇ ಅಕ್ಕನ ಮಗಳನ್ನು ಮದುವೆಯಾದದ್ದು ಇದಕ್ಕೆ ಕಾರಣವೇ, ನಿಮ್ಮ ಎಂಡೋಸ್ಕೋಪಿಯಲ್ಲಿ ಏನೂ ಕಾಣದಿರುವುದರಿಂದ ನಿಶ್ಚಿಂತೆಯಿಂದ ಇರಬಹುದೇ ಎಂಬುದು ನಿಮ್ಮ ಪ್ರಶ್ನೆ.

ಹೊಟ್ಟೆಯ ಕ್ಯಾನ್ಸರುಗಳಲ್ಲಿ ವಂಶವಾಹಿ ದೋಷದಿಂದ ಬರುವವು ನೂರಕ್ಕೆ 1ರಿಂದ 3 ಮಾತ್ರ. ಉಳಿದವುಗಳಲ್ಲಿ ಹೆಚ್ಚಿನವಕ್ಕೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಸೋಂಕೇ ಮೂಲ. ಆದರೂ 50ರೊಳಗೆ ಜಠರದ ಕ್ಯಾನ್ಸರು, ಅದೇ ರಕ್ತಸಂಬಂಧದಲ್ಲಿ ಸ್ತನದ ಕ್ಯಾನ್ಸರು ಎಂದಾಗ ಸಿಡಿಎಚ್1 ಎಂಬ ಜೀನನ್ನು ಶಂಕಿಸಲೇಬೇಕಾಗುತ್ತದೆ. 1998ರಲ್ಲಿ ನ್ಯೂಜಿಲೆಂಡಿನ ಮಾವೋರಿ ಕುಟುಂಬವೊಂದರಲ್ಲಿ ಇದರ ದೋಷ ಪತ್ತೆಯಾಯಿತು. ಕೋಶಗಳನ್ನು ಒಂದಕ್ಕೊಂದು ಅಂಟಿಸಿಡುವ ಪ್ರೋಟೀನು ಈ ಜೀನಿನಿಂದ ಬರುತ್ತದೆ. ಅಂಟು ಬಿಟ್ಟ ಕೋಶಗಳು ಗಂಟು ಕಟ್ಟದೆ ಮೇಲ್ಪದರದ ಕೆಳಗೆ ಚದುರಿಕೊಳ್ಳುವುದರಿಂದ, ಎಂಡೋಸ್ಕೋಪಿಗೆ ಜಠರ ನುಣ್ಣಗೆ ಕಂಡರೂ ಒಳಗೆ ರೋಗವಿರಬಹುದು. ಹೀಗಾಗಿ ನಿಮ್ಮ ಎರಡನೆಯ ಪ್ರಶ್ನೆಗೆ ಹೌದು ಎನ್ನಲಾರೆ.

ಮದುವೆಯ ಮಾತು. ತಂದೆ ಈ ದೋಷವನ್ನು ಪಡೆದಿದ್ದರೆ ಅದು ಹುಟ್ಟಿನಿಂದಲೇ, ಮದುವೆಯಿಂದಲ್ಲ. ತಂದೆ ಅಥವಾ ತಾಯಿ, ಒಬ್ಬರಿಂದ ಬಂದ ದೋಷವಿರುವ ಜೀನಿನ ಒಂದು ಪ್ರತಿಯೇ ಸಾಕಾದ್ದರಿಂದ, ಹೊರಗಿನ ಹೆಣ್ಣನ್ನು ತಂದಿದ್ದರೂ ಪ್ರತಿ ಮಗುವಿಗೂ ಅರ್ಧದಷ್ಟು ಸಂಭವ ಇದ್ದೇ ಇರುತ್ತಿತ್ತು. ಆದರೆ ನಮ್ಮ ಕಡೆ ಸಾಮಾನ್ಯವಾದ ಈ ಸಂಬಂಧದಲ್ಲಿ ಒಂದು ಸೂಕ್ಷ್ಮವಿದೆ: ನಿಮ್ಮ ಸೋದರತ್ತೆಯೇ ನಿಮ್ಮ ಅಜ್ಜಿ. ಅವರಲ್ಲಿಯೂ ದೋಷವಿದ್ದಿದ್ದರೆ ನಿಮ್ಮ ತಾಯಿಗೂ ಅದು ಇಳಿದಿರಬಹುದು, ನಿಮಗೆ ಎರಡು ಕಡೆಯಿಂದ ದಾರಿ ತೆರೆದಿರಬಹುದು. ಎಲ್ಲರೂ ತಂದೆಯ ಕಡೆಯನ್ನೇ ನೋಡುತ್ತಾ ತಾಯಿಯನ್ನು ಮರೆತಿರುವುದು ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ ಸಂಗತಿ.

ಮೊದಲು ಟ್ರಂಕಿನಲ್ಲಿರುವ ಹಳೆಯ ಕಾಗದಗಳನ್ನು ತೆಗೆಯಿರಿ. ತಂದೆಯ ಬಯಾಪ್ಸಿ ವರದಿಯಲ್ಲಿ ‘ಡಿಫ್ಯೂಸ್’ (ಚದುರಿದ ಬಗೆ) ಅಥವಾ ‘ಸಿಗ್ನೆಟ್ ರಿಂಗ್’ ಎಂಬ ಪದವಿದೆಯೇ ನೋಡಿ; ಲೋಳೆ ತುಂಬಿ ಕೋಶಕೇಂದ್ರ ಒಂದು ಬದಿಗೆ ಸರಿದಾಗ ಕೋಶವು ಹರಳು ಕೂರಿಸಿದ ಉಂಗುರದಂತೆ ಕಾಣುವುದರಿಂದ ಎರಡನೆಯದಕ್ಕೆ ಆ ಹೆಸರು. ಅಜ್ಜಿಯ ವರದಿಯಲ್ಲಿ ‘ಲೋಬ್ಯುಲರ್’ (ಸ್ತನದ ಹಾಲಿನ ಗ್ರಂಥಿಗಳಲ್ಲಿ ಹುಟ್ಟುವ ಬಗೆ) ಎಂದಿದ್ದರೆ ಶಂಕೆ ಇನ್ನಷ್ಟು ಬಲವಾಗುತ್ತದೆ. ವರದಿಗಳ ಜೊತೆ, ಯಾರು ಯಾವ ವಯಸ್ಸಿನಲ್ಲಿ ಯಾವ ಕಾಯಿಲೆಯಿಂದ ಹೋದರೆಂಬ ವಂಶವೃಕ್ಷವನ್ನು ಬರೆದುಕೊಂಡು ತಳಿವೈದ್ಯರನ್ನು ಕಾಣಿ. ದೋಷ ದೃಢಪಟ್ಟವರಿಗೆ, ಸಾಮಾನ್ಯವಾಗಿ 20ರಿಂದ 30ರ ವಯಸ್ಸಿನಲ್ಲಿ, ಜಠರವನ್ನೇ ಪೂರ್ತಿ ತೆಗೆಸುವ ಸಲಹೆಯನ್ನು ಕೊಡುವುದುಂಟು. ಅದನ್ನು ಕೇಳಿ ಗಾಬರಿಯಾಗಬೇಡಿ, ಒಪ್ಪದವರಿಗೆ ಪ್ರತಿ ವರ್ಷ ಹಲವಾರು ಬಯಾಪ್ಸಿಗಳೊಡನೆ ತಪಾಸಣೆಯ ದಾರಿಯೂ ಇದೆ. ಮನೆಯಲ್ಲಿ ಯಾರ ದೋಷವೂ ಪತ್ತೆಯಾಗದಿರುವಾಗ ನಿಮ್ಮೊಬ್ಬರ ರಕ್ತದಲ್ಲಿ ಮಾಡಿದ ಜೀನ್ ಪರೀಕ್ಷೆ ಸರಿಯಿದೆಯೆಂದು ಬಂದರೆ ಅದು ಪೂರ್ಣ ಉತ್ತರವಾಗದು. ತಾಯಿಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ.

— ಸಂ.